ತೇರು ಮತ್ತು ಹಳೆಯ ಕಾರು

ಮಳೆ ಹಿಂದೆ ಸರಿದು ಆಕಾಶ ತಿಳಿಯಾಗುವ ಶರತ್ಕಾಲವು ನಮ್ಮ ಪರಂಪರೆಯಲ್ಲಿ ಹೊರಡುವ ಕಾಲ. ಅರಸರು ವಿಜಯದಶಮಿಯಂದು ಸೀಮೋಲ್ಲಂಘನ ಮಾಡುತ್ತಿದ್ದರು. ಅರಸೊತ್ತಿಗೆ ಹೋದರೂ ಆಯುಧಪೂಜೆ ಉಳಿದಿದೆ. ಸೈಕಲ್ಲಿನಿಂದ ಲಾರಿಯವರೆಗೆ ಎಲ್ಲ ವಾಹನಗಳೂ ಆ ದಿನ ಮೈತೊಳೆದುಕೊಂಡು, ಹೂಮಾಲೆ ಧರಿಸಿ, ಚಕ್ರದಡಿ ನಿಂಬೆಹಣ್ಣು ಹಿಸುಕಿ ಮುಂದೆ ಸಾಗುತ್ತವೆ. ಇದೇ ಋತುವಿನಲ್ಲಿ ಮತ್ತೊಂದು ಬಗೆಯ ವಾಹನಗಳೂ ಹೊರಬರುತ್ತವೆ. ಅವು ಯಾರನ್ನೂ ಕೆಲಸಕ್ಕೆ ಮುಟ್ಟಿಸುವುದಿಲ್ಲ, ಸರಕು ಸಾಗಿಸುವುದಿಲ್ಲ. ಐವತ್ತು, ಎಂಬತ್ತು ವರ್ಷ ವಯಸ್ಸಾದ ಆ ಕಾರುಗಳನ್ನು ಅವುಗಳ ಒಡೆಯರು ಸಂಘ ಕಟ್ಟಿಕೊಂಡು, ಸಾಲಾಗಿ ಹಳ್ಳಿಗಾಡಿನ ರಸ್ತೆಗಳಲ್ಲಿ ಒಂದು ದಿನದ ವಿಹಾರಕ್ಕೆ ಕರೆದೊಯ್ಯುತ್ತಾರೆ. ಸಂಜೆ ಮರಳಿ ಹೊದಿಕೆ ಹೊದಿಸಿ ನಿಲ್ಲಿಸುತ್ತಾರೆ.

ಈ ವಿಹಾರವನ್ನು ಸಿರಿವಂತರ ವಿನೋದವೆಂದು ತಳ್ಳಿಹಾಕುವುದು ಸುಲಭ. ಆದರೆ ಅದರೊಳಗೆ ಸಾಹಿತ್ಯ ಸಮ್ಮೇಳನಕ್ಕೆ ಕೂಡಿದ ನಮಗೆ ಬಹು ಹತ್ತಿರದ ಪ್ರಶ್ನೆಯೊಂದು ಅಡಗಿದೆ. ಕೆಲಸ ಮುಗಿಸಿದ ವಸ್ತುವನ್ನು ಉಳಿಸಿಕೊಳ್ಳುವುದು ಧರ್ಮವೋ ಮೋಹವೋ? ಒಂದನ್ನು ಉಳಿಸಿದೆವು ಎಂದು ಎದೆ ಮುಟ್ಟಿ ಹೇಳಬೇಕಾದರೆ ಅದರಲ್ಲಿ ಏನು ಉಳಿದಿರಬೇಕು?

ಇಂಥ ವಿಹಾರಗಳಲ್ಲಿ ಹೆಸರಾದದ್ದು ಇಂಗ್ಲೆಂಡಿನದು. 1865ರ ಅಲ್ಲಿನ ಕಾನೂನಿನ ಪ್ರಕಾರ ಯಂತ್ರದ ಬಂಡಿಯು ಹಳ್ಳಿಯ ರಸ್ತೆಯಲ್ಲಿ ಗಂಟೆಗೆ 4 ಮೈಲಿ, ಊರೊಳಗೆ 2 ಮೈಲಿಗಿಂತ ವೇಗವಾಗಿ ಹೋಗುವಂತಿರಲಿಲ್ಲ. ಬಂಡಿಯ ಮುಂದೆ ಒಬ್ಬ ಮನುಷ್ಯ ಜನರನ್ನು ಎಚ್ಚರಿಸುತ್ತ ನಡೆಯಬೇಕಿತ್ತು; ಮೊದಲ ವರ್ಷಗಳಲ್ಲಿ ಅವನ ಕೈಯಲ್ಲಿ ಕೆಂಪು ಬಾವುಟವೂ ಇರಬೇಕಿತ್ತು. 1896ರಲ್ಲಿ ಈ ನಿರ್ಬಂಧ ಸಡಿಲಗೊಂಡು ವೇಗದ ಮಿತಿ 14 ಮೈಲಿಗೆ ಏರಿತು. ಆ ವರ್ಷದ ನವೆಂಬರ್ 14ರಂದು ಮೋಟಾರು ಪ್ರಿಯರು ಲಂಡನ್ನಿನಿಂದ ಕಡಲತೀರದ ಬ್ರೈಟನ್ನಿಗೆ ಸಂಭ್ರಮದಿಂದ ಸಾಗಿದರು. ಅದರ ನೆನಪಿಗೆ 1927ರಲ್ಲಿ ಆರಂಭವಾದ ಓಟವು ಯುದ್ಧವೇ ಮೊದಲಾದ ಕೆಲವು ಅಡ್ಡಿಗಳ ವರ್ಷಗಳನ್ನು ಬಿಟ್ಟರೆ ಇಂದಿಗೂ ನವೆಂಬರ್ ತಿಂಗಳಲ್ಲಿ ನಡೆಯುತ್ತಿದೆ. 1905ಕ್ಕಿಂತ ಮೊದಲು ತಯಾರಾದ ವಾಹನಗಳಿಗೆ ಮಾತ್ರ ಅದರಲ್ಲಿ ಪ್ರವೇಶ. ಅಲ್ಲಿ ವಾಹನಗಳು ಒಂದು ಬಿಡುಗಡೆಯ ದಿನವನ್ನು ನೆನೆಯುತ್ತವೆ, ಸುಮ್ಮನೆ ಮೆರೆಯುವುದಿಲ್ಲ. ಆದರೆ ಬಾವುಟ ಹಿಡಿದು ನಡೆದವನನ್ನು ನೆನೆಯುವವರು ಯಾರು? ಈ ಪ್ರಶ್ನೆಯನ್ನು ಸದ್ಯಕ್ಕೆ ಬದಿಗಿಟ್ಟು ಮುಂದೆ ಮತ್ತೆ ಕೈಗೆತ್ತಿಕೊಳ್ಳೋಣ.

ನಮ್ಮ ದೇಶದಲ್ಲಿ ದೆಹಲಿಯ ಸ್ಟೇಟ್ಸ್‌ಮನ್ ರ್‍ಯಾಲಿ 1964ರಿಂದ ಪ್ರಸಿದ್ಧ. ಬೆಂಗಳೂರಿನಲ್ಲಿ ಕರ್ನಾಟಕ ವಿಂಟೇಜ್ ಅಂಡ್ ಕ್ಲಾಸಿಕ್ ಕಾರ್ ಕ್ಲಬ್ ಇದೆ. ಧರ್ಮಸ್ಥಳಕ್ಕೆ ಯಾತ್ರೆ ಹೋದ ನಮ್ಮಲ್ಲಿ ಅನೇಕರು ಧರ್ಮಾಧಿಕಾರಿ ಡಾ. ವೀರೇಂದ್ರ ಹೆಗ್ಗಡೆಯವರು ಸಂಗ್ರಹಿಸಿದ ಹಳೆಯ ಕಾರುಗಳನ್ನು ಕಣ್ತುಂಬ ನೋಡಿ ಬಂದವರೇ. ಆ ಕಾರುಗಳ ಮುಂದೆ ಮಕ್ಕಳಿಗಿಂತ ಮುದುಕರೇ ಹೆಚ್ಚು ಹೊತ್ತು ನಿಲ್ಲುತ್ತಾರೆ. ಮಕ್ಕಳಿಗೆ ಅದು ವಿಚಿತ್ರ ಆಕಾರದ ಬಂಡಿ. ಮುದುಕರಿಗೆ ಅದು ತಮ್ಮ ಪ್ರಾಯದ ಕಾಲದ ಸದ್ದು ಮತ್ತು ವಾಸನೆ.

ಹಳತನ್ನು ಕುರಿತ ನಮ್ಮ ಕಾನೂನೂ ಯೋಚನೆಗೆ ಹಚ್ಚುವಂತಿದೆ. ಖಾಸಗಿ ಕಾರಿನ ಮೊದಲ ನೋಂದಣಿಯ ಆಯುಸ್ಸು 15 ವರ್ಷ. ಅನಂತರ ತಪಾಸಣೆಯಲ್ಲಿ ತೇರ್ಗಡೆಯಾದರೆ ಮಾತ್ರ ರಸ್ತೆಗೆ ಬರಬಹುದು. 2022ರ ಏಪ್ರಿಲ್‌ನಿಂದ ಆ ನವೀಕರಣದ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರಿತು. ಮುದಿ ಬಂಡಿಯನ್ನು ಗುಜರಿಗೆ ಹಾಕಿ ಹೊಸದನ್ನು ಕೊಳ್ಳಿರಿ ಎಂಬುದು ಅದರ ಇಂಗಿತ. ಅದೇ ಕಾರು ಹೇಗೋ ಐವತ್ತು ವರ್ಷ ಬದುಕಿಬಿಟ್ಟರೆ ಕಾನೂನಿನ ದೃಷ್ಟಿಯೇ ಬದಲಾಗುತ್ತದೆ. 2021ರ ಕೇಂದ್ರ ನಿಯಮದಂತೆ ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಮೂಲರೂಪ ಕೆಡದ ದ್ವಿಚಕ್ರ ಮತ್ತು ಚತುಶ್ಚಕ್ರ ವಾಹನಗಳು 'ವಿಂಟೇಜ್' ಎನಿಸಿಕೊಳ್ಳುತ್ತವೆ. 20,000 ರೂಪಾಯಿ ಕಟ್ಟಿದರೆ 'ವಿಎ' ಎಂಬ ಅಕ್ಷರಗಳುಳ್ಳ ಪ್ರತ್ಯೇಕ ಸಂಖ್ಯೆ ಹತ್ತು ವರ್ಷಗಳ ಮಟ್ಟಿಗೆ ದೊರೆಯುತ್ತದೆ. ಆದರೆ ಒಂದು ಷರತ್ತುಂಟು. ಪ್ರದರ್ಶನ, ರ್‍ಯಾಲಿ, ತಾಂತ್ರಿಕ ಸಂಶೋಧನೆ, ಇಂಧನ ತುಂಬಿಸುವುದು, ದುರಸ್ತಿ ಇಂಥವಕ್ಕಲ್ಲದೆ ನಿತ್ಯದ ಓಡಾಟಕ್ಕೆ ಅದನ್ನು ರಸ್ತೆಗೆ ತರುವಂತಿಲ್ಲ. ಗೌರವ ಸಿಕ್ಕಿತು, ನಿತ್ಯದ ದಾರಿ ತಪ್ಪಿತು.

ಹದಿನೈದಕ್ಕೂ ಐವತ್ತಕ್ಕೂ ನಡುವಿನ ಮೂವತ್ತೈದು ವರ್ಷಗಳೇ ಯಾವುದೇ ವಸ್ತುವಿನ ಅಗ್ನಿಪರೀಕ್ಷೆಯ ಕಾಲ. ಇಂಗ್ಲಿಷ್ ಚಿಂತಕ ಮೈಕೇಲ್ ಥಾಮ್ಸನ್ 1979ರಲ್ಲಿ ಪ್ರಕಟಿಸಿದ ಗ್ರಂಥವೊಂದರಲ್ಲಿ ಇದನ್ನೇ ವಿಚಾರ ಮಾಡಿದ್ದಾನೆ. ವಸ್ತುಗಳ ಬೆಲೆ ಮೊದಲು ಇಳಿಯುತ್ತ ಹೋಗಿ ಶೂನ್ಯವಾಗುತ್ತದೆ. ಆ ಕಸದ ಸ್ಥಿತಿಯನ್ನು ದಾಟಿ ಬಂದ ಕೆಲವೇ ವಸ್ತುಗಳು ಮತ್ತೆ ಅಮೂಲ್ಯವಾಗುತ್ತವೆ ಎಂಬುದು ಅವನ ವಾದದ ತಿರುಳು. ಹಾಗಾದರೆ ಕಸವೆನಿಸಿಕೊಂಡಿದ್ದಾಗ ಅದನ್ನು ಕಾದವರಾರು? ಬೆಲೆ ಬಂದ ಮೇಲೆ ಕೊಳ್ಳುವವನು ಸಂಗ್ರಾಹಕ. ಬೆಲೆ ಇಲ್ಲದಿದ್ದಾಗ ಹಿತ್ತಲ ಕೊಟ್ಟಿಗೆಯಲ್ಲಿ ಜಾಗ ಕೊಟ್ಟು, 'ಇರಲಿ ಬಿಡು, ಅಪ್ಪ ತಂದದ್ದು' ಎಂದವನೇ ನಿಜವಾದ ಪಾಲಕ. 1958ರಿಂದ ರಸ್ತೆಯಲ್ಲಿದ್ದ ಅಂಬಾಸಡರ್ ಕಾರಿನ ತಯಾರಿಕೆ 2014ರಲ್ಲಿ ನಿಂತಿತು. ನಿನ್ನೆಮೊನ್ನೆಯವರೆಗೆ ಬಾಡಿಗೆಗೆ ಓಡಿ ಸವೆದ ಆ ಕಾರುಗಳನ್ನು ಇಂದು ತೂಕಕ್ಕೆ ಹಾಕುತ್ತಿದ್ದೇವೆ. ನಾಳೆ ಅವುಗಳನ್ನೇ ಹುಡುಕಿಕೊಂಡು ಹೊರಡುತ್ತೇವೆ.

ಹಳೆಯ ಕಾರುಗಳ ಸಾಲೊಂದು ಶರತ್ಕಾಲದಲ್ಲಿ ನಮ್ಮ ಸೀಮೆಗೆ ಬಂದಿತೆಂದು ಭಾವಿಸೋಣ. ಬೆಂಗಳೂರಿನಿಂದ ಹೊರಟು ಲೇಪಾಕ್ಷಿಯಲ್ಲಿ ನಂದಿಯ ದರ್ಶನ ಪಡೆದು ಹಿಂದೂಪುರಕ್ಕೆ ಬರುತ್ತದೆ. ಅಲ್ಲಿಂದ ಮಡಕಶಿರಾ, ಪಾವಗಡಗಳ ಮೇಲೆ ಕಲ್ಯಾಣದುರ್ಗದ ದಾರಿ ಹಿಡಿಯುತ್ತದೆ. ಆಂಧ್ರದ ಒಂದು ಊರಿನಿಂದ ಆಂಧ್ರದ ಇನ್ನೊಂದು ಊರಿಗೆ ಹೋಗುವಾಗ ನಡುವೆ ಕರ್ನಾಟಕವನ್ನು ಹೊಕ್ಕು ಹೊರಡುವ ವಿಶೇಷ ಈ ದಾರಿಯದು. ಪಾವಗಡ ತಾಲ್ಲೂಕನ್ನು ಬಹುಪಾಲು ಆಂಧ್ರವೇ ಸುತ್ತುವರಿದಿದೆ. ಒಂದೇ ದಿನದಲ್ಲಿ ಎರಡು ಸೀಮೋಲ್ಲಂಘನ! ರಸ್ತೆಯ ಫಲಕಗಳ ಲಿಪಿ ತೆಲುಗಿನಿಂದ ಕನ್ನಡಕ್ಕೂ ಮತ್ತೆ ತೆಲುಗಿಗೂ ತಿರುಗುತ್ತದೆ. ಜಗಲಿಯ ಮೇಲಿನ ಮಾತು ಅಷ್ಟು ಬೇಗ ತಿರುಗುವುದಿಲ್ಲ. ಎರಡೂ ಕಡೆ ಎರಡೂ ಭಾಷೆ ಕೇಳಿಸುತ್ತವೆ.

ಆ ಸಾಲು ನಮ್ಮ ರಸ್ತೆಗಳಲ್ಲಿ ಏನನ್ನು ಎದುರುಗೊಳ್ಳುತ್ತದೆ? ಒಂದು ಕಡೆ ಪೆನುಕೊಂಡದ ಬಳಿ ಎರ್ರಮಂಚಿಯಲ್ಲಿ 2019ರಿಂದ ಹೊಚ್ಚಹೊಸ ಕಾರುಗಳನ್ನು ಹೊರತರುತ್ತಿರುವ ಕಿಯಾ ಕಾರ್ಖಾನೆ. ಇನ್ನೊಂದು ಕಡೆ ಪಾವಗಡದ ತಿರುಮಣಿಯ ಸುತ್ತ ಬಿಸಿಲಿನಿಂದಲೇ ಎರಡು ಸಾವಿರ ಮೆಗಾವಾಟಿನಷ್ಟು ವಿದ್ಯುತ್ ಉತ್ಪಾದಿಸಬಲ್ಲ ಸೌರ ಫಲಕಗಳ ಬಯಲು. ಇವೆರಡರ ನಡುವೆ ನಮ್ಮ ಕಡಲೆಕಾಯಿಯ ಹೊಲಗಳು. ವರ್ಷಕ್ಕೆ ಸರಾಸರಿ 550 ಮಿಲಿಮೀಟರಿನಷ್ಟು ಮಾತ್ರ ಮಳೆ ಕಾಣುವ ಅನಂತಪುರದ ಸೀಮೆಯಲ್ಲಿ ಆ ಮಳೆಯೂ ಕೈಕೊಟ್ಟ ವರ್ಷಗಳು ಅನೇಕ. ಶರತ್ಕಾಲದಲ್ಲಿ ಹೊಲದವರು ಗಿಡ ಕಿತ್ತು ಒಣಗಿಸುತ್ತಿರುತ್ತಾರೆ. ಮುಂದಿನ ತಿಂಗಳುಗಳಲ್ಲಿ ಕಣ ಮಾಡಲು ಜಾಗವಿಲ್ಲದವರು ಹುರುಳಿಯನ್ನೋ ರಾಗಿಯನ್ನೋ ಡಾಂಬರು ರಸ್ತೆಯ ಮೇಲೆಯೇ ಹರಡಿ, ಹೋಗಿಬರುವ ವಾಹನಗಳ ಚಕ್ರಗಳಿಂದ ಒಕ್ಕಣೆ ಮಾಡಿಕೊಳ್ಳುತ್ತಾರೆ.

ಇಲ್ಲಿಯೇ ನೈತಿಕ ಪ್ರಶ್ನೆ ಮೊನಚಾಗುತ್ತದೆ. ಮಳೆಗಾಗಿ ಮುಗಿಲು ನೋಡುವವರ ಮುಂದೆ ಉಪಯೋಗವಿಲ್ಲದ ಬಂಡಿಯನ್ನು ಹೊಳಪಿಟ್ಟು ಓಡಿಸುವುದು ಸರಿಯೇ? ಉಪಯೋಗವೊಂದೇ ಒರೆಗಲ್ಲಾದರೆ ಲೇಪಾಕ್ಷಿಯ ಅಪೂರ್ಣ ಕಲ್ಯಾಣಮಂಟಪಕ್ಕೂ ಉತ್ತರವಿಲ್ಲ, ನಮ್ಮ ಕಾವ್ಯಗೋಷ್ಠಿಗೂ ಇಲ್ಲ. ಬರದ ನಾಡಿನಲ್ಲಿಯೂ ಜನರು ಹಾಡು ಕಟ್ಟಿದ್ದಾರೆ, ಜಾತ್ರೆ ಮಾಡಿದ್ದಾರೆ. ಆದ್ದರಿಂದ ಉಪಯೋಗವಿಲ್ಲದಿರುವುದು ದೋಷವಲ್ಲ. ದಾರಿಯಲ್ಲಿ ಇರುವವರನ್ನು ಕಾಣದೆ ಹೋಗುವುದು ದೋಷ. ಹರಡಿದ ಹುರುಳಿಯ ಮೇಲೆ ಸಾವಕಾಶವಾಗಿ ಸಾಗಿ, ಊರ ಮುಂದೆ ನಿಂತು, ಮಕ್ಕಳನ್ನು ಸೀಟಿನಲ್ಲಿ ಕೂರಿಸಿ ಹಾರನ್ ಒತ್ತಲು ಬಿಡುವ ವಿಹಾರಕ್ಕೂ, ಧೂಳೆಬ್ಬಿಸಿ ಸರ್ರನೆ ಹೋಗಿಬಿಡುವ ವಿಹಾರಕ್ಕೂ ಅಜಗಜಾಂತರವಿದೆ. ಮೊದಲನೆಯದರಲ್ಲಿ ಸಂಪತ್ತು ಸ್ವಲ್ಪ ಹೊತ್ತಾದರೂ ಎಲ್ಲರದಾಗುತ್ತದೆ.

ಇನ್ನೊಂದು ಪ್ರಶ್ನೆ ತತ್ತ್ವಶಾಸ್ತ್ರದ್ದು. ಎಂಬತ್ತು ವರ್ಷದ ಕಾರಿನಲ್ಲಿ ಟೈರು ಹೊಸದು, ವೈರು ಹೊಸದು, ಸೀಟಿನ ಹೊದಿಕೆ ಹೊಸದು, ಪಿಸ್ಟನ್ನು ಲೇತಿನಲ್ಲಿ ಕಡೆಸಿದ್ದು. ಹಾಗಿದ್ದರೆ ಅದು ಅದೇ ಕಾರು ಹೇಗಾದೀತು? ಪ್ರಾಚೀನ ಗ್ರೀಕರು ಇದೇ ಪ್ರಶ್ನೆಯನ್ನು ಥೀಸಿಯಸ್ ಎಂಬ ವೀರನ ಹಡಗನ್ನು ಮುಂದಿಟ್ಟು ಕೇಳಿದರು. ಕೊಳೆತ ಹಲಗೆಗಳನ್ನು ಒಂದೊಂದಾಗಿ ಬದಲಿಸುತ್ತ ಹೋದರೆ ಹಡಗು ಅದೇ ಹಡಗೋ ಬೇರೆಯೋ ಎಂದು ಅಲ್ಲಿನ ತತ್ತ್ವಜ್ಞರು ಚರ್ಚಿಸಿದ್ದನ್ನು ಪ್ಲೂಟಾರ್ಕ್ ದಾಖಲಿಸಿದ್ದಾನೆ.

ನಮಗೆ ಹಡಗು ದೂರ, ತೇರು ಹತ್ತಿರ. ಊರ ತೇರಿನ ಗಾಲಿ ಸೀಳುತ್ತದೆ, ಅಚ್ಚು ಮುರಿಯುತ್ತದೆ, ಮಿಣಿ ಸವೆಯುತ್ತದೆ. ಬಡಗಿ ಬದಲಿಸುತ್ತಾನೆ, ಕಮ್ಮಾರ ಪಟ್ಟಿ ಬಿಗಿಯುತ್ತಾನೆ. ಒಂದು ಕಾಲಕ್ಕೆ ಇಡೀ ತೇರನ್ನೇ ಹೊಸದಾಗಿ ಕಟ್ಟಿಸುವುದೂ ಉಂಟು. ಆದರೂ ಯಾವ ಅಜ್ಜಿಯೂ 'ಇದು ನಮ್ಮ ತೇರಲ್ಲ' ಎನ್ನುವುದಿಲ್ಲ. ಅದೇ ಬೀದಿಯಲ್ಲಿ, ಅದೇ ತಿಥಿಗೆ, ಅದೇ ದೇವರನ್ನು ಕೂರಿಸಿಕೊಂಡು, ಊರವರೆಲ್ಲ ಕೈಹಾಕಿ ಎಳೆದರೆ ಅದು ಅದೇ ತೇರು. ಅದರ ಗುರುತು ಮರದಲ್ಲಿಲ್ಲ, ಎಳೆಯುವ ಕೈಗಳಲ್ಲಿದೆ. ಗ್ರೀಕರ ಹಡಗು ದಡದಲ್ಲಿ ನಿಂತಿತ್ತಾದ್ದರಿಂದ ಹಲಗೆಗಳನ್ನು ಎಣಿಸಬೇಕಾಯಿತೇನೋ. ನಮ್ಮ ತೇರು ನಡೆಯುತ್ತದೆ. ಹಳೆಯ ಕಾರಿಗೂ ಇದೇ ನ್ಯಾಯ. ಅದನ್ನು ಬಲ್ಲ ಕೈಗಳು ಇರುವವರೆಗೆ ಅದು ಅದೇ ಕಾರು.

ಆ ಕೈಗಳು ಯಾರವು? ಫೋಟೋಗಳಲ್ಲಿ ಕಾಣುವುದು ಒಡೆಯರು. ಆದರೆ ತಯಾರಿಕೆ ನಿಂತು ದಶಕಗಳಾದ ಯಂತ್ರಕ್ಕೆ ಬಿಡಿಭಾಗ ಎಲ್ಲಿಂದ ಬರಬೇಕು? ಯಾವುದೋ ಬೀದಿಯ ತಗಡಿನ ಶೆಡ್ಡಿನಲ್ಲಿ ಸವೆದ ಭಾಗವನ್ನು ಅಂಗೈಯಲ್ಲಿಟ್ಟು ತೂಗಿ, ಅಳತೆ ತೆಗೆದು, ಲೇತಿಗೆ ಕೊಟ್ಟು ಕಡೆಸುವ ಮೆಕ್ಯಾನಿಕ್ಕು, ಡೊಂಕಾದ ತಗಡನ್ನು ಬಡಿದು ಬಡಿದು ಮೊದಲ ಬಾಗಿಗೆ ತರುವ ಟಿಂಕರಿಂಗ್ ಕೆಲಸದವನು, ಹ್ಯಾಂಡಲ್ ಹಾಕಿ ತಿರುಗಿಸಿ ಎಂಜಿನ್ನಿನ ಉಸಿರು ಆಲಿಸುವ ಹಳೆಯ ಡ್ರೈವರು, ಇವರಿಂದಲೇ ಅದು ಓಡುತ್ತಿದೆ. ಅರಮನೆಯ ಕಾರುಗಳ ಚರಿತ್ರೆಯಲ್ಲಿ ಅರಸರ ಹೆಸರುಂಟು, ಕಂಪನಿಯ ಹೆಸರುಂಟು. ಸಾರಥಿಯ ಹೆಸರು ಅಪರೂಪ. ಆಗ ಬದಿಗಿಟ್ಟ ಬಾವುಟದವನ ಪ್ರಶ್ನೆಗೆ ಇಲ್ಲಿ ಉತ್ತರವಿದೆ. ಹಳೆಯ ವಸ್ತುವನ್ನು ಉಳಿಸುವವನು ಅದಕ್ಕಾಗಿ ದುಡಿದವರ, ಅದಕ್ಕೆ ದಾರಿ ಬಿಟ್ಟವರ ನೆನಪನ್ನೂ ಉಳಿಸಬೇಕು. ಇಲ್ಲವಾದರೆ ಅವನು ಕಬ್ಬಿಣವನ್ನು ಉಳಿಸಿದ, ಕಥೆಯನ್ನು ಕಳೆದ.

ಹನ್ನೆರಡನೆಯ ಶತಮಾನದ ಶರಣರು ಸ್ಥಾವರ, ಜಂಗಮ ಎಂಬ ಎರಡು ಮಾತುಗಳಿಂದ ನಿಂತದ್ದಕ್ಕೂ ನಡೆಯುವುದಕ್ಕೂ ಇರುವ ಅಂತರವನ್ನು ನಮಗೆ ಕಲಿಸಿದರು. ಈ ಅರಿವನ್ನು ಕಾರಿನ ಒಡೆಯ ತನ್ನ ಗ್ಯಾರೇಜಿನಲ್ಲಿಯೇ ಪಡೆಯುತ್ತಾನೆ. ನಿಲ್ಲಿಸಿದ ಕಾರು ಸುಮ್ಮನೆ ಇರುವುದಿಲ್ಲ, ಕೆಡುತ್ತಿರುತ್ತದೆ. ಬ್ಯಾಟರಿ ಇಳಿಯುತ್ತದೆ, ಪೆಟ್ರೋಲು ಹಳಸಿ ಕಾರ್ಬೊರೇಟರಿನಲ್ಲಿ ಅಂಟುಗಟ್ಟುತ್ತದೆ, ರಬ್ಬರಿನ ಭಾಗಗಳು ಬಿರಿಯುತ್ತವೆ, ನೆಲಕ್ಕೊತ್ತಿದ ಕಡೆ ಟೈರು ಚಪ್ಪಟೆಯಾಗುತ್ತದೆ, ಬ್ರೇಕಿನ ಸಿಲಿಂಡರಿಗೆ ತುಕ್ಕು ಹಿಡಿಯುತ್ತದೆ. ವರ್ಷಕ್ಕೊಂದು ದಿನದ ವಿಹಾರ ಸಾಧ್ಯವಾಗಬೇಕಾದರೆ ಉಳಿದ ದಿನಗಳಲ್ಲಿ ಆಗಾಗ ಎಂಜಿನ್ನನ್ನು ಚಾಲೂ ಮಾಡಬೇಕು, ನಾಲ್ಕು ಹೆಜ್ಜೆಯಾದರೂ ಓಡಿಸಬೇಕು. ಓಡುವುದರಿಂದ ಯಂತ್ರ ಸವೆಯುತ್ತದೆ ನಿಜ. ಓಡದಿರುವುದರಿಂದ ಅದಕ್ಕಿಂತ ಬೇಗ ಸಾಯುತ್ತದೆ.

ತೇರೂ ವರ್ಷಕ್ಕೊಮ್ಮೆಯೇ ಹೊರಬರುತ್ತದಲ್ಲ ಎಂದು ಯಾರಾದರೂ ಕೇಳಬಹುದು. ನಿಜ. ಆದರೆ ತೇರಿನಲ್ಲಿ ಕೂರುವುದು ಉತ್ಸವಮೂರ್ತಿ. ಒಳಗೆ ಗರ್ಭಗುಡಿಯಲ್ಲಿ ಮೂಲಮೂರ್ತಿಗೆ ದಿನವೂ ದೀಪ, ದಿನವೂ ನೀರು, ದಿನವೂ ಹೂವು ತಪ್ಪುವುದಿಲ್ಲ. ನಿತ್ಯಪೂಜೆ ನಿಂತ ಗುಡಿಗೆ ತೇರು ಎಳೆದರೆ ಅದು ಮರದ ಮೆರವಣಿಗೆ ಮಾತ್ರ. ವರ್ಷದ ಉತ್ಸವವು ನಿತ್ಯದ ಪೂಜೆಯ ಮೇಲೆ ನಿಂತಿದೆ.

ಕಾರಿನ ಮಾತು ಈಗ ತಾನಾಗಿಯೇ ನಮ್ಮ ಮನೆಯ ಮಾತಿಗೆ ಬಂದು ನಿಲ್ಲುತ್ತದೆ. 1882ರಲ್ಲಿ ಅನಂತಪುರವು ಬಳ್ಳಾರಿಯಿಂದ ಬೇರ್ಪಟ್ಟು ಪ್ರತ್ಯೇಕ ಜಿಲ್ಲೆಯಾಯಿತು. 1953ರ ಅಕ್ಟೋಬರ್ 1ರಂದು ಬಳ್ಳಾರಿಯು ಮೈಸೂರು ರಾಜ್ಯವನ್ನು ಸೇರಿದಾಗ ರಾಯದುರ್ಗವು ಆಂಧ್ರಕ್ಕೆ ಬಂದಿತು. ಹಿಂದೂಪುರ, ಮಡಕಶಿರಾ, ಕಲ್ಯಾಣದುರ್ಗಗಳು ಅನಂತಪುರದೊಡನೆ ಇಲ್ಲಿಯೇ ಉಳಿದವು. 2022ರ ಏಪ್ರಿಲ್‌ನಲ್ಲಿ ಮತ್ತೊಮ್ಮೆ ಗೆರೆ ಎಳೆದಾಗ ಹಿಂದೂಪುರವು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ಕಲ್ಯಾಣದುರ್ಗವು ಅನಂತಪುರದಲ್ಲಿಯೇ ಉಳಿಯಿತು. ಗೆರೆಗಳು ಸರಿದಾಡಿದವು, ನಾವು ಸರಿದವರಲ್ಲ. ಲೇಪಾಕ್ಷಿಯ ಶಾಸನಗಳಲ್ಲಿ, ನೊಳಂಬರ ಹೇಮಾವತಿಯ ಶಾಸನಗಳಲ್ಲಿ ಇರುವ ಕನ್ನಡ ಹೊರಗಿನಿಂದ ಬಂದದ್ದಲ್ಲ. ತೆಲುಗಿನೊಡನೆ ಅಕ್ಕತಂಗಿಯರಂತೆ ಇದೇ ಅಂಗಳದಲ್ಲಿ ಬೆಳೆದದ್ದು. ತೆಲುಗು ನಮಗೆ ನೆರೆಯೂ ಹೌದು, ಅನ್ನದ ಭಾಷೆಯೂ ಹೌದು. ಅದರ ಮೇಲೆ ನಮ್ಮ ದೂರಿಲ್ಲ. ನಮ್ಮ ಪ್ರಶ್ನೆ ನಮ್ಮನ್ನು ಕುರಿತದ್ದು.

ಶರತ್ಕಾಲದಲ್ಲಿಯೇ ನಮ್ಮ ರಾಜ್ಯೋತ್ಸವವೂ ಬರುತ್ತದೆ. ಬಾವುಟ ಕಟ್ಟುತ್ತೇವೆ, ಶಾಲು ಹೊದಿಸುತ್ತೇವೆ, ಸ್ಮರಣ ಸಂಚಿಕೆ ತರುತ್ತೇವೆ. 'ನವೆಂಬರ್ ಕನ್ನಡಿಗರು' ಎಂದು ಹಾಸ್ಯ ಮಾಡುವವರಿದ್ದಾರೆ. ಆ ಹಾಸ್ಯಕ್ಕೆ ನಾವು ಕುಗ್ಗಬೇಕಿಲ್ಲ. ತೇರು ಬೇಕು; ತೇರಿನ ದಿನ ಮಿಣಿಗೆ ಕೈಹಾಕಿದ ಮಗು ಊರನ್ನು ಮರೆಯುವುದಿಲ್ಲ. ಆದರೆ ಮನೆಯಲ್ಲಿ ನಿತ್ಯಪೂಜೆ ನಡೆದಿದೆಯೇ? ಜೋಗುಳ, ಲೆಕ್ಕ, ಜಗಳ, ಸಮಾಧಾನ ಇವು ಕನ್ನಡದಲ್ಲಿ ನಡೆಯುತ್ತಿವೆಯೇ? ಮೊಮ್ಮಗಳು ಅಜ್ಜಿಯ ಮಾತು ಕೇಳಿ ತಿಳಿದುಕೊಳ್ಳುತ್ತಾಳೆ, ಉತ್ತರ ಮಾತ್ರ ಬೇರೆ ಭಾಷೆಯಲ್ಲಿ ಕೊಡುತ್ತಾಳೆ. ನಮ್ಮ ಎಷ್ಟೋ ಮನೆಗಳಲ್ಲಿ ಇದು ಈಗ ನಡೆಯುತ್ತಿರುವ ಸಂಗತಿ. ಅಂಥ ಮನೆಯಲ್ಲಿ ಭಾಷೆ ಸತ್ತಿಲ್ಲ. ಹೊದಿಕೆ ಹೊದ್ದು ನಿಂತಿದೆ. ನಿಂತದ್ದರ ಬ್ಯಾಟರಿ ಎಷ್ಟು ದಿನ ಬಾಳೀತು?

ನಮ್ಮ ಗಡಿಯ ಕನ್ನಡದಲ್ಲಿ ತೆಲುಗಿನ ಪದಗಳು ಸೇರಿವೆ, ಶುದ್ಧವಲ್ಲ ಎನ್ನುವವರೂ ಉಂಟು. ಬಿಡಿಭಾಗ ಬದಲಾದದ್ದು ಬಂಡಿ ಓಡಿದ್ದಕ್ಕೆ ಸಾಕ್ಷಿ. ಮೂಲರೂಪ ಸ್ವಲ್ಪವೂ ಕೆಡದೆ ಉಳಿಯುವುದು ಗಾಜಿನ ಹಿಂದೆ ಮಾತ್ರ. ಸಂತೆಯಲ್ಲಿ ದುಡಿದು ಬಂದ ಮಾತಿಗೆ ನೆರೆಯ ಧೂಳು ಹತ್ತಿದರೆ ನಾಚಿಕೆಪಡಬೇಕಾದ್ದೇನು? ಹೊಲದ, ಅಡುಗೆಮನೆಯ, ಹಟ್ಟಿಯ ಎಷ್ಟೋ ಮಾತುಗಳು ಇಂದು ಆ ಮೂವತ್ತೈದು ವರ್ಷಗಳ ಕಸದ ಕಾಲದಲ್ಲಿವೆ. ನಾಳೆ ವಿದ್ವಾಂಸರು ಅವನ್ನು ಹುಡುಕಿಕೊಂಡು ಬಂದಾರು. ಅಲ್ಲಿಯವರೆಗೆ ಕೊಟ್ಟಿಗೆಯಲ್ಲಿ ಜಾಗ ಕೊಟ್ಟು ಕಾಯಬೇಕಾದವರು ನಾವು.

ಉಳಿಸುವುದು ಮೋಹವೋ ಧರ್ಮವೋ ಎಂದು ಮೊದಲಲ್ಲಿ ಕೇಳಿದೆವು. ತೋರಿಸಲೆಂದು ಉಳಿಸಿದರೆ ಅದು ಮೋಹದ ಕಡೆಗೆ ಜಾರುತ್ತದೆ. ಓಡಿಸುತ್ತ, ದುಡಿದ ಕೈಗಳನ್ನು ನೆನೆಯುತ್ತ, ದಾರಿಯಲ್ಲಿರುವವರಿಗೂ ಕೈಹಾಕಲು ಎಡೆಕೊಟ್ಟು ಉಳಿಸಿದರೆ ಅದು ಧರ್ಮ. ಹಳೆಯ ಕಾರಿಗೆ ಕಾನೂನು ನಿತ್ಯದ ದಾರಿಯನ್ನು ಮುಚ್ಚಿದೆ. ಅದರ ಒಡೆಯ ಏನು ಮಾಡಿಯಾನು? ನಮ್ಮ ಮಾತಿಗೆ ಅಂಥ ಯಾವ ಕಾನೂನೂ ಅಡ್ಡವಿಲ್ಲ. ಸಮ್ಮೇಳನದಿಂದ ಮನೆಗೆ ಮರಳಿದ ಮೇಲೆ, ಈ ಸಂಚಿಕೆಯ ಒಂದು ಪುಟವನ್ನು ಮನೆಯ ಮಗುವಿನಿಂದ ಗಟ್ಟಿಯಾಗಿ ಓದಿಸೋಣ. ತಡವರಿಸಿದರೆ ತಡವರಿಸಲಿ. ಬಹಳ ದಿನ ನಿಂತ ಎಂಜಿನ್ನು ಮೊದಲ ಸಲ ತಿರುಗಿಸಿದಾಗ ಕೆಮ್ಮುವುದು ಸಹಜ.